ದಕ್ಕೆಯಿಂದ ಎಷ್ಟು ದೂರ? ಮಧ್ಯ ಅಮೆರಿಕದ ಕ್ರೂಸ್ ಬಂದರುಗಳ ಲೆಕ್ಕಾಚಾರ

ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಒಂದೊಂದು ಕ್ರೂಸ್ ಹಡಗು ಬರುತ್ತದೆ. ಬೆಳಿಗ್ಗೆ ಇಳಿದ ವಿದೇಶಿಯರನ್ನು ತುಂಬಿಕೊಂಡು ಬಸ್ಸುಗಳು ಹೊರಡುತ್ತವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್, ಒಂದು ಗೇರುಬೀಜದ ಕಾರ್ಖಾನೆ. ಸಂಜೆಯೊಳಗೆ ಎಲ್ಲರೂ ವಾಪಸ್. ಊರಿಗೆ ಹೋಗಿ ಇಂಡಿಯಾ ನೋಡಿ ಬಂದೆವು ಅನ್ನುತ್ತಾರೆ. ಹಂಪಿ ನೋಡಿದಿರಾ ಅಂದರೆ, ಪಾಪ, ಹಂಪಿಗೆ ಹೋಗಿ ಬರುವಷ್ಟರಲ್ಲಿ ಅವರ ಹಡಗು ಕೊಚ್ಚಿ ದಾಟಿರುತ್ತದೆ.

ಮಧ್ಯ ಅಮೆರಿಕದ ಬಂದರಿನಲ್ಲಿ ಇಳಿದಾಗ ಆ ಬಸ್ಸಿನೊಳಗೆ ಕೂತವರು ನಾವು. ನಾನು ಟೆಕ್ಸಾಸಿನಲ್ಲಿ ಇರುವವನು, ಆ ಕಡೆಗೆ ಎರಡು ಸಲ ಹೋಗಿದ್ದೇನೆ. ಮೊದಲನೆಯದು ಗ್ಯಾಲ್ವೆಸ್ಟನ್‌ನಿಂದ ಒಂದು ವಾರದ ಸುತ್ತು. ಎರಡನೆಯದು ಅಪ್ಪ ಅಮ್ಮ ಮೂಡಿಗೆರೆಯಿಂದ ಬಂದಿದ್ದಾಗ, ಫ್ಲಾರಿಡಾದಲ್ಲಿ ಹತ್ತಿ ಪನಾಮಾ ಕಾಲುವೆ ದಾಟಿ ಕ್ಯಾಲಿಫೋರ್ನಿಯಾದಲ್ಲಿ ಇಳಿದ ಎರಡು ವಾರದ ಪ್ರಯಾಣ. ಮೊದಲ ಸಲ ಬ್ರೋಷರಿನಲ್ಲಿ ಬಂದರಿನ ಹೆಸರು ನೋಡಿ ಹೊರಟಿದ್ದೆ. ಎರಡನೇ ಸಲ ಹೊರಡುವಾಗ ನೋಡಿದ್ದು ಬೇರೆ: ಹಡಗು ನಿಲ್ಲುವ ದಕ್ಕೆಗೂ ನಾನು ನೋಡಬೇಕೆಂದಿರುವ ಜಾಗಕ್ಕೂ ನಡುವೆ ಎಷ್ಟು ಗಂಟೆ. ಈ ಭಾಗದ ಬಂದರುಗಳ ವಿಷಯದಲ್ಲಿ ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಬಾಳೆಗೊನೆಗೆ ಕಟ್ಟಿದ ಊರುಗಳು

ಮೆಕ್ಸಿಕೊ ಮತ್ತು ಕೊಲಂಬಿಯಾ ನಡುವಿನ ಸಪೂರ ನೆಲದಲ್ಲಿ ಏಳು ದೇಶಗಳಿವೆ: ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರೀಕಾ, ಪನಾಮಾ. ಪೂರ್ವಕ್ಕೆ ಕೆರಿಬಿಯನ್ ಸಮುದ್ರ, ಪಶ್ಚಿಮಕ್ಕೆ ಪೆಸಿಫಿಕ್, ನಡುವೆ ಬೆಟ್ಟಗಳು ಮತ್ತು ಹೊಗೆಯಾಡುವ ಜ್ವಾಲಾಮುಖಿಗಳ ಸಾಲು. ಸ್ಪೇನಿನವರು ಬಂದಾಗ ಸೆಕೆ, ಸೊಳ್ಳೆ, ಕಡಲ್ಗಳ್ಳರ ಕಾಟ ಇದ್ದ ಕರಾವಳಿ ಬಿಟ್ಟು ಮೇಲೆ ಹತ್ತಿ ತಂಪು ಜಾಗದಲ್ಲಿ ಊರು ಕಟ್ಟಿದರು. ಅದಕ್ಕೇ ಗ್ವಾಟೆಮಾಲಾ ನಗರ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಮೇಲಿದೆ, ಕೋಸ್ಟರೀಕಾದ ರಾಜಧಾನಿ ಸಾನ್ ಹೊಸೆ 1,100 ಮೀಟರಿಗೂ ಎತ್ತರದಲ್ಲಿದೆ. ಚರ್ಚುಗಳು, ಹಳೇ ಚೌಕಗಳು, ಕಾಫಿ ತೋಟಗಳು ಎಲ್ಲವೂ ಘಟ್ಟದ ಮೇಲೆ.

ಬಂದರುಗಳು ಮಾತ್ರ ಘಟ್ಟದ ಕೆಳಗೆ. ಅವು ಹುಟ್ಟಿದ್ದು ಸರಕಿಗಾಗಿ. ಕೋಸ್ಟರೀಕಾದ ಲಿಮೋನ್ ಊರನ್ನೇ ತೆಗೆದುಕೊಳ್ಳಿ. ಕಾಫಿಯನ್ನು ಕೆರಿಬಿಯನ್ ಕಡೆಗೆ ಇಳಿಸಲು 1871ರಲ್ಲಿ ರೈಲುಮಾರ್ಗ ಶುರುವಾಯಿತು. ಅದು ಮುಗಿದದ್ದು 1890ರಲ್ಲಿ. ಮಲೇರಿಯಾ ಮತ್ತು ಹಳದಿ ಜ್ವರಕ್ಕೆ ಸಾವಿರಾರು ಕೂಲಿಗಳು ಸತ್ತರು. ಗುತ್ತಿಗೆ ಹಿಡಿದಿದ್ದ ಮೈನರ್ ಕೀತ್ ಎಂಬ ಅಮೆರಿಕನ್, ಕೆಲಸಗಾರರ ಹೊಟ್ಟೆಗೆ ಅಗ್ಗದಲ್ಲಿ ಏನಾದರೂ ಆಗಲಿ ಅಂತ ಹಳಿಗಳ ಪಕ್ಕದಲ್ಲಿ ಬಾಳೆ ನೆಡಿಸಿದ. ರೈಲು ಲಾಭ ಮಾಡಲಿಲ್ಲ, ಬಾಳೆ ಮಾಡಿತು. 1899ರಲ್ಲಿ ಅವನ ತೋಟಗಳೂ ಸೇರಿ ಯುನೈಟೆಡ್ ಫ್ರೂಟ್ ಕಂಪನಿ ಆಯಿತು. ಮುಂದೆ ಈ ಭಾಗದ ಸರ್ಕಾರಗಳನ್ನೇ ಕುಣಿಸಿದ ಕಂಪನಿ ಅದು. ಗ್ವಾಟೆಮಾಲಾದ ಪ್ಯುಯೆರ್ಟೊ ಬ್ಯಾರಿಯೋಸ್‌ನ ಕಥೆಯೂ ಇದೇ ಜಾಡಿನದು. ಇವತ್ತಿಗೂ ಲಿಮೋನ್ ದಕ್ಕೆಯಲ್ಲಿ ಹಡಗಿನ ಬಾಲ್ಕನಿಗೆ ಬಂದು ನಿಂತರೆ ಕಣ್ಣಿಗೆ ಬೀಳುವುದು ತೆಂಗಿನ ಮರಗಳ ನಡುವೆ ಹಣ್ಣಿನ ಕಂಪನಿಗಳ ಹೆಸರು ಹೊತ್ತ ಕಂಟೇನರುಗಳು.

ಹಾಗಾಗಿ ಇಳಿದ ತಕ್ಷಣ ಚೆಂದದ ಊರು ಸಿಗುತ್ತದೆ ಅಂತ ಕಾಯಬಾರದು. ಇದು ಯುರೋಪಿನ ಬಂದರುಗಳ ಥರ ಅಲ್ಲ. ಮೊದಲು ಸಿಗುವುದು ಕ್ರೂಸಿನವರಿಗೆಂದೇ ಬೇಲಿ ಹಾಕಿ ಕಟ್ಟಿದ ಆವರಣ: ಆಭರಣದ ಅಂಗಡಿ, ಟೀ ಶರ್ಟು, ಡ್ಯೂಟಿ ಫ್ರೀ ಮದ್ಯ, ಜೋರು ಹಾಡು. ಗೇಟು ದಾಟಿದ ಮೇಲೆ ಟ್ಯಾಕ್ಸಿಯವರ ಗುಂಪು, ಅದರಾಚೆ ನಿಜವಾದ ಊರು. ಎಷ್ಟೋ ಜನ ಆ ಆವರಣದೊಳಗೇ ಸುತ್ತಿ ಹಡಗು ಹತ್ತುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಅಮ್ಮನಿಗೆ ಮಂಡಿ ನೋವಿದ್ದ ದಿನ ನಾವೂ ಅದನ್ನೇ ಮಾಡಿದೆವು. ಆದರೆ ಹೊಂಡುರಾಸ್ ನೋಡಿದೆ ಅನ್ನುವ ಮಾತನ್ನು ಆವತ್ತು ಬಾಯಿಗೆ ತರಬಾರದು, ಅಷ್ಟೆ.

ಎಂಟರಿಂದ ಐದು ಅಂದರೆ ಒಂಬತ್ತು ಗಂಟೆ ಅಲ್ಲ

ವೇಳಾಪಟ್ಟಿಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 5 ಅಂತ ಇರುತ್ತದೆ. ಹಡಗು ದಕ್ಕೆಗೆ ತಾಗಿದ ಮೇಲೆ ಆ ದೇಶದ ಅಧಿಕಾರಿಗಳು ಕಾಗದಪತ್ರ ನೋಡಿ ಒಪ್ಪಿಗೆ ಕೊಡುವವರೆಗೆ ಯಾರೂ ಇಳಿಯುವ ಹಾಗಿಲ್ಲ. ಆಮೇಲೆ ಎರಡು ಮೂರು ಸಾವಿರ ಜನ ಒಂದೋ ಎರಡೋ ಬಾಗಿಲಿನಿಂದ ಇಳಿಯಬೇಕು. ಹೋಗುವಾಗಲೂ ಬರುವಾಗಲೂ ಹಡಗಿನ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು, ವಾಪಸ್ ಹತ್ತುವಾಗ ಚೀಲ ಎಕ್ಸ್‌ರೇ ಯಂತ್ರದೊಳಗೆ ಹೋಗಬೇಕು. ಎಲ್ಲರೂ ಹತ್ತಿರಬೇಕಾದ ಸಮಯ, ಹಡಗಿನ ಭಾಷೆಯಲ್ಲಿ 'ಆಲ್ ಅಬೋರ್ಡ್', ಹೊರಡುವುದಕ್ಕಿಂತ ಕನಿಷ್ಠ ಅರ್ಧ ಗಂಟೆ ಮುಂಚೆ. ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಏಳು ಗಂಟೆ. ಅದರಲ್ಲಿ ಹೋಗಿ ಬರುವ ದಾರಿಗೆ ನಾಲ್ಕು ಗಂಟೆ ಹೋದರೆ ನೋಡುವುದಕ್ಕೆ ಸಿಗುವುದು ಮೂರು.

ಇನ್ನೊಂದು ಗುಂಡಿ ಇದೆ, ಓದಿಕೊಂಡವರೂ ಬೀಳುವಂಥದ್ದು. ಹಡಗಿಗೆ ಅದರದ್ದೇ ಸಮಯ ಇರುತ್ತದೆ. ಪನಾಮಾ ಗಡಿಯಾರ ಮಿಕ್ಕ ಆರು ದೇಶಗಳಿಗಿಂತ ಒಂದು ಗಂಟೆ ಮುಂದೆ. ಈ ಏಳು ದೇಶಗಳಲ್ಲಿ ಯಾವುದೂ ಬೇಸಿಗೆಗೆ ಗಡಿಯಾರ ತಿರುಗಿಸುವುದಿಲ್ಲ, ಅಮೆರಿಕ ತಿರುಗಿಸುತ್ತದೆ. ಕೆಲವು ಹಡಗುಗಳು ಹೊರಟ ಊರಿನ ಸಮಯವನ್ನೇ ಇಟ್ಟುಕೊಳ್ಳುತ್ತವೆ, ಕೆಲವು ಬಂದರಿಗೆ ತಕ್ಕಂತೆ ಬದಲಿಸುತ್ತವೆ. ನಿಮ್ಮ ಮೊಬೈಲು ಇದ್ಯಾವುದನ್ನೂ ಕೇಳದೆ ಹತ್ತಿರದ ಟವರಿನ ಸಮಯ ತೋರಿಸುತ್ತದೆ. ಮೊಬೈಲಿನಲ್ಲಿ 3:40 ಆಗಿದೆ, ಇನ್ನೂ ಹೊತ್ತಿದೆ ಅಂತ ಎಳನೀರು ಹೀರುತ್ತ ಕೂತವನ ಹಡಗಿನಲ್ಲಿ ಆಗಲೇ 4:40 ಆಗಿರಬಹುದು. ಅಪ್ಪನ ಹಳೇ ಎಚ್‌ಎಂಟಿ ಕೈಗಡಿಯಾರ ನಮ್ಮನ್ನು ಉಳಿಸಿತು. ಪ್ರತಿದಿನ ಬೆಳಿಗ್ಗೆ ಅದನ್ನು ಹಡಗಿನ ಗಡಿಯಾರಕ್ಕೆ ಸರಿ ಮಾಡಿಕೊಳ್ಳುತ್ತಿದ್ದರು. ಇಡೀ ದಿನ ಅದೇ ನಮ್ಮ ಕಾನೂನು.

ಹಡಗಿನವರ ಮೂಲಕವೇ ಬುಕ್ ಮಾಡಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆ ಅವರದು. ಹೊರಗೆ ನೀವೇ ಟ್ಯಾಕ್ಸಿ ಮಾಡಿಕೊಂಡಿದ್ದರೆ ಕಾಯುವುದಿಲ್ಲ. ವಿಮಾನ ಹಿಡಿದು ಮುಂದಿನ ದೇಶಕ್ಕೆ ಓಡುವ ಖರ್ಚು ನಿಮ್ಮದು. ಹೊರಗಿನದು ಅಗ್ಗ, ಹಲವು ಸಲ ಒಳ್ಳೆಯದೂ ಹೌದು. ನನ್ನ ಲೆಕ್ಕ ಸರಳ: ದಾರಿ ಒಂದು ಗಂಟೆಯೊಳಗಿದ್ದರೆ ಹೊರಗಿನವರು, ಅದಕ್ಕಿಂತ ಹೆಚ್ಚಿದ್ದರೆ, ಅದರಲ್ಲೂ ಘಟ್ಟ ಹತ್ತಿ ಇಳಿಯುವುದಿದ್ದರೆ, ದುಡ್ಡು ಹೋದರೆ ಹೋಗಲಿ ಅಂತ ಹಡಗಿನವರು.

ಬೆಲೀಜ್: ಬಂದರು ಕಾಣುತ್ತದೆ, ಹಡಗು ಹತ್ತಿರ ಹೋಗುವುದಿಲ್ಲ

ಬೆಲೀಜ್ ಸಿಟಿಯಲ್ಲಿ ಹಡಗು ದಕ್ಕೆಗೆ ತಾಗುವುದಿಲ್ಲ. ಕರಾವಳಿಗೆ ಕಾವಲು ನಿಂತ ಹಾಗೆ ಉದ್ದಕ್ಕೂ ಹವಳದ ದಿಬ್ಬ ಇದೆ, 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಅದರೊಳಗಿನ ನೀರು ತುಂಬಾ ಆಳವಿಲ್ಲ. ದೊಡ್ಡ ಹಡಗು ಹಲವು ಕಿಲೋಮೀಟರ್ ಆಚೆಯೇ ಲಂಗರು ಹಾಕಿ ನಿಲ್ಲುತ್ತದೆ. ಅಲ್ಲಿಂದ ದಡಕ್ಕೆ ಸ್ಥಳೀಯರ ಮೋಟಾರು ದೋಣಿಗಳು. ಇದಕ್ಕೆ ಟೆಂಡರ್ ಅನ್ನುತ್ತಾರೆ. ಬೇರೆ ಕಡೆ ಹಡಗಿನ ಪ್ರಾಣರಕ್ಷಕ ದೋಣಿಗಳನ್ನೇ ಇದಕ್ಕೆ ಇಳಿಸುವುದುಂಟು, ಇಲ್ಲಿ ದೂರ ಜಾಸ್ತಿ ಅಂತ ವೇಗದ ದೋಣಿಗಳು ಬರುತ್ತವೆ.

ಹೇಗಿರುತ್ತದೆ ಅಂದರೆ: ಬೆಳಿಗ್ಗೆ ಹಡಗಿನ ಸಭಾಂಗಣದಲ್ಲಿ ನಂಬರು ಚೀಟಿ ತೆಗೆದುಕೊಂಡು ಕೂರಬೇಕು. ನಂಬರು ಕರೆದಾಗ ಲಿಫ್ಟು ಹಿಡಿದು ಕೆಳಗಿನ ಅಂತಸ್ತಿಗೆ ಇಳಿದರೆ ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು, ಅದರಾಚೆ ದೋಣಿ. ದೋಣಿ ಒಂದು ಗೇಣು ಮೇಲೆ ಏಳುತ್ತದೆ, ಎರಡು ಗೇಣು ಕೆಳಗೆ ಹೋಗುತ್ತದೆ. ಇಬ್ಬರು ಸಿಬ್ಬಂದಿ ಎರಡೂ ರಟ್ಟೆ ಹಿಡಿದು, ಅಲೆ ಸಮಕ್ಕೆ ಬಂದಾಗ 'ನೌ' ಅಂತ ಕೂಗಿ ದಾಟಿಸುತ್ತಾರೆ. ಆಮೇಲೆ ಇಪ್ಪತ್ತು ನಿಮಿಷ ಮುಖಕ್ಕೆ ಉಪ್ಪುನೀರು. ಗಾಲಿಕುರ್ಚಿಯವರಿಗೆ, ಮಂಡಿ ನೋವಿನವರಿಗೆ ಇದು ಕಷ್ಟ. ಅಲೆ ಜೋರಿದ್ದರೆ ಅವರನ್ನು ಇಳಿಸುವುದೇ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬುಕ್ ಮಾಡುವ ಮುಂಚೆ ಯಾವ ಯಾವ ಬಂದರು ಟೆಂಡರ್ ಎಂದು ಕೇಳಿಕೊಳ್ಳಿ. ಪೆಸಿಫಿಕ್ ಕಡೆ ನಿಕರಾಗುವಾದ ಸಾನ್ ಹ್ವಾನ್ ದೆಲ್ ಸುರ್ ಕೂಡ ಟೆಂಡರೇ.

ದೋಣಿಗಳು ಇಳಿಸುವ ದಡದ ಆವರಣಕ್ಕೆ ಟೂರಿಸಂ ವಿಲೇಜ್ ಅನ್ನುತ್ತಾರೆ. ಅಲ್ಲಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಆಲ್ಟುನ್ ಹಾ ಎಂಬ ಮಾಯಾ ಜನರ ಹಳೇ ಊರು. 1968ರಲ್ಲಿ ಇಲ್ಲಿ ಅಗೆದಾಗ ಒಂದೇ ಹಸಿರು ಜೇಡ್ ಕಲ್ಲಿನಲ್ಲಿ ಕಡೆದ ಸೂರ್ಯದೇವನ ತಲೆ ಸಿಕ್ಕಿತು, ನಾಲ್ಕು ಕಿಲೋಗಿಂತ ಹೆಚ್ಚು ತೂಕದ್ದು. ಬೆಲೀಜಿನ ನೋಟಿನ ಮೇಲೆ ಇರುವುದು ಅದೇ. ಇಲ್ಲಿನ ದೇವಾಲಯದ ಚಿತ್ರ ಅವರ ಬೆಲಿಕಿನ್ ಬಿಯರ್ ಬಾಟಲಿಯ ಮೇಲಿದೆ. ಒಂದು ದೇಶ ತನ್ನ ದೇವಸ್ಥಾನವನ್ನು ಬಿಯರಿಗೆ ಅಂಟಿಸಿದ್ದು ನೋಡಿ ಅಮ್ಮ ಆಗ ಜೊತೆಗಿದ್ದಿದ್ದರೆ ಏನನ್ನುತ್ತಿದ್ದರೋ ಅಂತ ನಗು ಬಂತು. ಪಶ್ಚಿಮಕ್ಕೆ ಹೋದರೆ ಟೈರ್ ಟ್ಯೂಬಿನ ಮೇಲೆ ಕೂತು ಸುಣ್ಣಕಲ್ಲಿನ ಗುಹೆಗಳೊಳಗೆ ತೇಲುವ ಆಟ. ಹೆಚ್ಚಿನವರು ಆರಿಸಿಕೊಳ್ಳುವುದು ಅದನ್ನು. ಫೋಟೋಗಳಲ್ಲಿ ಎಲ್ಲರೂ ನೋಡಿರುವ ಗ್ರೇಟ್ ಬ್ಲೂ ಹೋಲ್, ಅಂದರೆ ಸಮುದ್ರದ ನಡುವೆ ಸುಮಾರು 300 ಮೀಟರ್ ಅಗಲ, 120 ಮೀಟರಿಗೂ ಹೆಚ್ಚು ಆಳದ ದುಂಡನೆಯ ನೀಲಿ ಬಾವಿ, ಕರಾವಳಿಯಿಂದ ಬಹಳ ದೂರ. ಹಡಗಿನ ದಿನದಲ್ಲಿ ಅದನ್ನು ನೋಡಬೇಕೆಂದರೆ ಸಣ್ಣ ವಿಮಾನ ಹತ್ತಿ ಮೇಲಿನಿಂದ ನೋಡಬೇಕು.

ಬೆಲೀಜ್ 1981ರವರೆಗೆ ಬ್ರಿಟಿಷರ ಕೈಯಲ್ಲಿತ್ತು. ಆಡಳಿತ ಭಾಷೆ ಇಂಗ್ಲಿಷ್, ಬೀದಿಯಲ್ಲಿ ಕ್ರಿಯೋಲ್. ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಿಂದ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದವರ ಮೊಮ್ಮಕ್ಕಳ ಮಕ್ಕಳು ದಕ್ಷಿಣದ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅಲ್ಲಿ ದುಡ್ಡಿನ ಒಂದು ತಮಾಷೆ ಇದೆ: ಎರಡು ಬೆಲೀಜ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, ಬದಲಾಗದ ದರ. ಎರಡಕ್ಕೂ ಡಾಲರ್ ಅಂತಲೇ ಕರೆಯುವುದರಿಂದ 'ಇಪ್ಪತ್ತು' ಅಂದಾಗ ಯಾವ ಇಪ್ಪತ್ತು ಅಂತ ಬಾಯಿ ಬಿಟ್ಟು ಕೇಳದಿದ್ದರೆ ದುಪ್ಪಟ್ಟು ಕೊಟ್ಟು ಬರುತ್ತೀರಿ. ನಾನು ಕೊಟ್ಟಿದ್ದೇನೆ, ಒಂದು ಮರದ ತಟ್ಟೆಗೆ.

ರೊಆಟಾನ್: ಸುಲಭದ ಬಂದರು

ಹೊಂಡುರಾಸಿನ ರೊಆಟಾನ್ ದ್ವೀಪದಲ್ಲಿ ಹಡಗು ದಕ್ಕೆಗೇ ತಾಗುತ್ತದೆ. ಎರಡು ದಕ್ಕೆಗಳಿವೆ, ಒಂದು ಕಾಕ್ಸನ್ ಹೋಲ್ ಊರಿನಲ್ಲಿ, ಇನ್ನೊಂದು ಸ್ವಲ್ಪ ದೂರದಲ್ಲಿ, ಮೊದಲು ಮಹಾಗನಿ ಬೇ ಅನ್ನುತ್ತಿದ್ದ, ಈಗ ಇಸ್ಲಾ ಟ್ರಾಪಿಕಾಲೆ ಅಂತ ಹೆಸರು ಬದಲಿಸಿದ ಜಾಗದಲ್ಲಿ. ಟ್ಯಾಕ್ಸಿಗೆ ಹೇಳುವ ಮುಂಚೆ ನಿಮ್ಮ ಹಡಗು ಯಾವುದರಲ್ಲಿದೆ ಅಂತ ತಿಳಿದುಕೊಂಡಿರಬೇಕು. ಊರು ಸಣ್ಣದು, ನೋಡಬೇಕಾದ್ದು ಹತ್ತಿರ. ಪಶ್ಚಿಮ ತುದಿಯ ವೆಸ್ಟ್ ಬೇ ಕಡಲತೀರದಲ್ಲಿ ಈಜುತ್ತಲೇ ಹವಳದ ದಿಬ್ಬದವರೆಗೆ ಹೋಗಬಹುದು. ನೀರೊಳಗೆ ಮುಖ ಹಾಕಿದರೆ ಸಾಕು. ಹವಳ ಮುಟ್ಟಬಾರದು, ಮೇಲೆ ನಿಲ್ಲಬಾರದು. ಅದು ಕಲ್ಲಲ್ಲ, ಜೀವ.

ಬಹುಪಾಲು ಜನ ಹೋಗದ ಒಂದು ಜಾಗ ಪೂರ್ವಕ್ಕಿರುವ ಪುಂಟಾ ಗೋರ್ಡಾ. 1797ರ ಏಪ್ರಿಲ್‌ನಲ್ಲಿ ಬ್ರಿಟಿಷರು ಸೇಂಟ್ ವಿನ್ಸೆಂಟ್ ದ್ವೀಪದಿಂದ ಎರಡು ಸಾವಿರಕ್ಕೂ ಹೆಚ್ಚು ಗರಿಫುನಾ ಜನರನ್ನು ಹಡಗಿನಲ್ಲಿ ತಂದು ಈ ದ್ವೀಪದ ಮೇಲೆ ಇಳಿಸಿ ಹೋದರು. ಆಫ್ರಿಕಾದವರ ಮತ್ತು ಕೆರಿಬಿಯನ್ ಮೂಲನಿವಾಸಿಗಳ ರಕ್ತ ಬೆರೆತ ಜನ. ತಮ್ಮ ದ್ವೀಪಕ್ಕಾಗಿ ಬ್ರಿಟಿಷರ ಜೊತೆ ಕಾದಾಡಿ ಸೋತವರು. ಅವರ ಭಾಷೆ, ಕುಣಿತ, ಸಂಗೀತ ಇವತ್ತು ಯುನೆಸ್ಕೊ ಪಟ್ಟಿಯಲ್ಲಿವೆ. ಹೊಂಡುರಾಸ್, ಗ್ವಾಟೆಮಾಲಾ, ಬೆಲೀಜ್ ಕರಾವಳಿಯಲ್ಲಿ ಎಲ್ಲೇ ಡೋಲು ಕೇಳಿಸಿದರೂ ಅದರ ಬೇರು ಈ ದಡದಲ್ಲಿದೆ.

ಗ್ವಾಟೆಮಾಲಾದ ಎರಡು ಬಾಗಿಲು, ಮತ್ತು ಅಪ್ಪನ ಯಾಲಕ್ಕಿ

ಗ್ವಾಟೆಮಾಲಾಕ್ಕೆ ಎರಡು ಕಡೆ ಬಂದರು. ಕೆರಿಬಿಯನ್ ಕಡೆಯ ಸಾಂಟೊ ತೊಮಾಸ್‌ನಿಂದ ಕಿರಿಗ್ವಾಕ್ಕೆ ಹೋಗಬಹುದು: ಬಾಳೆತೋಟದ ನಡುವೆ ನಿಂತ ಮಾಯಾ ಶಿಲಾಸ್ತಂಭಗಳು, ಅದರಲ್ಲಿ ಒಂದು 10 ಮೀಟರಿಗೂ ಉದ್ದ, ಮಾಯಾ ಜನ ನಿಲ್ಲಿಸಿದವುಗಳಲ್ಲೇ ಅತಿ ಎತ್ತರದ್ದು. ಪೆಸಿಫಿಕ್ ಕಡೆಯ ಪ್ಯುಯೆರ್ಟೊ ಕೆಟ್ಸಾಲ್‌ನಲ್ಲಿ ಬಂದರಿನ ಅಂಗಡಿಸಾಲು ಬಿಟ್ಟರೆ ನೋಡುವಂಥದ್ದು ಹತ್ತಿರದಲ್ಲಿಲ್ಲ. ಎಲ್ಲರೂ ಒಂದೂವರೆ ಎರಡು ಗಂಟೆ ಬಸ್ಸಿನಲ್ಲಿ ಮೇಲೆ ಹತ್ತಿ ಆಂಟಿಗ್ವಾಕ್ಕೆ ಹೋಗುತ್ತಾರೆ.

ಹೋಗಬೇಕು ಕೂಡ. ಆಂಟಿಗ್ವಾ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಹುಪಾಲು ಮಧ್ಯ ಅಮೆರಿಕದ ಸ್ಪ್ಯಾನಿಷ್ ರಾಜಧಾನಿ. 1773ರ ಭೂಕಂಪದಲ್ಲಿ ಕುಸಿಯಿತು, ರಾಜಧಾನಿಯನ್ನು ಈಗಿನ ಗ್ವಾಟೆಮಾಲಾ ನಗರಕ್ಕೆ ಸಾಗಿಸಿದರು. ಬಿಟ್ಟುಹೋದದ್ದರಿಂದಲೇ ಊರು ಹಾಗೇ ಉಳಿಯಿತು: ಚಾವಣಿ ಇಲ್ಲದ ಚರ್ಚುಗಳು, ಉರುಟು ಕಲ್ಲಿನ ಬೀದಿ, ಬೀದಿಯ ಕೊನೆಗೆ ನೇರವಾಗಿ ಎದ್ದು ನಿಂತ ಆಗ್ವಾ ಜ್ವಾಲಾಮುಖಿ. ಪಕ್ಕದ ಫ್ಯುಯೆಗೊ ಇನ್ನೂ ಜೀವಂತ. 2018ರ ಜೂನ್‌ನಲ್ಲಿ ಅದು ಸಿಡಿದಾಗ ತಪ್ಪಲಿನ ಹಳ್ಳಿಗಳೇ ಮುಚ್ಚಿಹೋದವು. ನಾವು ಹೋದ ದಿನ ಅದು ಬೀಡಿ ಸೇದುವವನ ಹಾಗೆ ಆಗಾಗ ಒಂದೊಂದು ಉಂಡೆ ಹೊಗೆ ಬಿಡುತ್ತಿತ್ತು.

ದಾರಿಯಲ್ಲಿ ನೆರಳುಮರದ ಕೆಳಗೆ ಕಾಫಿಗಿಡ ಕಂಡಾಗ ಅಪ್ಪ ಕಿಟಕಿಗೆ ಅಂಟಿಕೊಂಡರು. ಗೈಡು ಇಂಗ್ಲಿಷ್‌ನಲ್ಲಿ ಕಾಫಿ ಬಗ್ಗೆ ಹೇಳಿ ಮುಗಿಸಿದ ಮೇಲೆ ಅಪ್ಪ ನನ್ನನ್ನು ತಿವಿದರು. "ಯಾಲಕ್ಕಿ ಎಲ್ಲಿ ಬೆಳೀತಾರೆ ಕೇಳೋ." ಪ್ರಶ್ನೆಗೆ ಕಾರಣ ಇದೆ. ಯಾಲಕ್ಕಿಯ ತವರು ನಮ್ಮ ಪಶ್ಚಿಮಘಟ್ಟ. ಅದನ್ನು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಜರ್ಮನ್ ತೋಟಗಾರರು ಗ್ವಾಟೆಮಾಲಾಕ್ಕೆ ಒಯ್ದರು. ಈಗ ಪ್ರಪಂಚದಲ್ಲಿ ಅತಿ ಹೆಚ್ಚು ಯಾಲಕ್ಕಿ ರಫ್ತು ಮಾಡುವುದು ಇವರೇ, ಮಲೆನಾಡಿನ ಬೆಳೆಗಾರರು ದರ ಬಿದ್ದಾಗೆಲ್ಲ ಬಯ್ಯುವ ಹೆಸರೂ ಇವರದೇ. ಗೈಡು ನಕ್ಕು ಹೇಳಿದ: ಉತ್ತರದ ಕೊಬಾನ್ ಬೆಟ್ಟಗಳಲ್ಲಿ ಬೆಳೆಯುತ್ತಾರೆ, ಎಲ್ಲಾ ಅರಬ್ ದೇಶಗಳಿಗೆ ಹೋಗುತ್ತದೆ, ನಮ್ಮ ಮನೆಗಳಲ್ಲಿ ಯಾರೂ ಬಳಸುವುದಿಲ್ಲ. ಅಪ್ಪನಿಗೆ ನಂಬಿಕೆ ಬರಲಿಲ್ಲ. "ಬೆಳೆದು ತಿನ್ನಲ್ವಂತಾ?" ಅಂತ ಸಂಜೆಯವರೆಗೆ ಎರಡು ಮೂರು ಸಲ ಕೇಳಿದರು.

ಕೋಸ್ಟರೀಕಾ: ಎರಡು ಕಡಲು, ಎರಡು ಅನ್ನ

ಲಿಮೋನ್‌ನಲ್ಲಿ ದಕ್ಕೆಯಿಂದ ನಡೆದೇ ಹೋಗಬಹುದಾದ ವರ್ಗಾಸ್ ಪಾರ್ಕಿದೆ. ಅಲ್ಲಿನ ಮರಗಳ ಮೇಲೆ ಸ್ಲಾತ್‌ಗಳಿರುತ್ತವೆ. ಕತ್ತು ಎತ್ತಿ ಹುಡುಕಿದರೆ ತೆಂಗಿನ ನಾರಿನ ಮುದ್ದೆ ಸಿಕ್ಕಿಹಾಕಿಕೊಂಡ ಹಾಗೆ ಕಾಣುತ್ತದೆ. ಹತ್ತು ನಿಮಿಷ ನೋಡಿದರೆ ಅದರ ಒಂದು ಕೈ ಸರಿಯುತ್ತದೆ. ವಾರಕ್ಕೊಂದು ಸಲ ಮಾತ್ರ ಕೆಳಗಿಳಿಯುವ ಪ್ರಾಣಿಗೆ ನಿಮ್ಮ ಹಡಗಿನ ಸಮಯದ ಗೊಡವೆ ಇಲ್ಲ. ರೈಲು ಹಾಕಲು, ಬಾಳೆ ಕಡಿಯಲು ಜಮೈಕಾದಿಂದ ಬಂದವರ ಊರಿದು. ಅನ್ನ ಮತ್ತು ಬೀನ್ಸ್ ಕಾಳನ್ನು ತೆಂಗಿನಹಾಲಿನಲ್ಲಿ ಬೇಯಿಸುತ್ತಾರೆ. ನಮ್ಮ ಕರಾವಳಿಯವರಿಗೆ ನಾಲಿಗೆಗೆ ಹತ್ತುವ ರುಚಿ. ಘಟ್ಟದ ಮೇಲೆ ಹೋದರೆ ಅದೇ ಅನ್ನ, ಅದೇ ಕಾಳು, ತೆಂಗಿಲ್ಲ, ಹೆಸರು ಗ್ಯಾಯೊ ಪಿಂಟೊ.

1991ರ ಏಪ್ರಿಲ್ 22ರಂದು ಇಲ್ಲಿ ದೊಡ್ಡ ಭೂಕಂಪವಾದಾಗ ಕರಾವಳಿಯೇ ಮೇಲೆದ್ದಿತು. ನೀರೊಳಗಿದ್ದ ಹವಳ ಹೊರಗೆ ಬಂದು ಒಣಗಿತು. ಪೆಸಿಫಿಕ್ ಕಡೆಯ ಪುಂಟರೆನಾಸ್ ಒಂದು ಉದ್ದನೆಯ ಮರಳ ನಾಲಿಗೆಯ ಮೇಲಿರುವ ಊರು. ಹತ್ತೊಂಬತ್ತನೇ ಶತಮಾನದಲ್ಲಿ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿಂದಲೇ ಇಂಗ್ಲೆಂಡಿಗೆ ಹೋಗುತ್ತಿತ್ತು. ಈಗ ಅಲ್ಲಿ ತಿನ್ನಬೇಕಾದ್ದು 'ಚರ್ಚಿಲ್': ಹೆರೆದ ಮಂಜು, ಕೆಂಪು ಷರಬತ್ತು, ಹಾಲಿನ ಪುಡಿ, ಮೇಲೆ ಮಂದ ಸಿಹಿಹಾಲು. ಸಾನ್ ಹೊಸೆಗೆ ಹೋಗಿಬರುತ್ತೇವೆ ಅಂತ ಹೊರಟವರು ಹೆಚ್ಚಾಗಿ ನೋಡುವುದು ಹೆದ್ದಾರಿಯನ್ನು. ತಾರ್ಕೊಲೆಸ್ ನದಿಯ ಸೇತುವೆ ಮೇಲಿನಿಂದ ಮೊಸಳೆಗಳನ್ನು ನೋಡಿ, ಚರ್ಚಿಲ್ ತಿಂದು, ಹಡಗು ಹತ್ತುವುದೇ ವಾಸಿ.

ನಿಕರಾಗುವಾದ ಸಾನ್ ಹ್ವಾನ್ ದೆಲ್ ಸುರ್‌ಗೆ ಕೆಲವೇ ಹಡಗುಗಳು ಹೋಗುತ್ತವೆ. ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಕಾಲದಲ್ಲಿ, 1851ರಿಂದ, ನ್ಯೂಯಾರ್ಕಿನ ಜನ ನದಿ ಮತ್ತು ಸರೋವರ ದಾಟಿ, ಕೊನೆಯ ಸುಮಾರು 20 ಕಿಲೋಮೀಟರ್ ಹೇಸರಗತ್ತೆಯ ಮೇಲೆ ಕೂತು ಇಲ್ಲಿಗೆ ಬಂದು ಮತ್ತೆ ಹಡಗು ಹತ್ತುತ್ತಿದ್ದರು. ಪನಾಮಾ ಕಾಲುವೆಗೆ ಪೈಪೋಟಿಯಾಗಿ ಇಲ್ಲೇ ಕಾಲುವೆ ಆಗಬೇಕೆಂದು ವರ್ಷಗಟ್ಟಲೆ ವಾದ ನಡೆದಿತ್ತು.

ಪನಾಮಾ: ಇಳಿಯದೆ ನೋಡುವ ಬಂದರು

ಕಾಲುವೆ ದಿನ ಹಡಗಿನಿಂದ ಇಳಿಯುವ ಮಾತಿಲ್ಲ. ಬೆಳಿಗ್ಗೆ ಐದಕ್ಕೇ ಜನ ಮುಂಭಾಗದ ಅಂತಸ್ತಿನಲ್ಲಿ ಜಾಗ ಹಿಡಿಯುತ್ತಾರೆ. ಕ್ರೂಸ್ ಟಿಕೆಟಿನಲ್ಲಿ ಎರಡು ಥರ ಇದೆ. ಪೂರ್ತಿ ದಾಟುವುದು ಒಂದು, ಸಮುದ್ರದಿಂದ ಸಮುದ್ರಕ್ಕೆ ಸುಮಾರು 80 ಕಿಲೋಮೀಟರ್, ಎಂಟು ಹತ್ತು ಗಂಟೆ. ಅರ್ಧ ದಾಟುವುದು ಇನ್ನೊಂದು: ಮೊದಲ ಲಾಕ್‌ಗಳನ್ನು, ಅಂದರೆ ಹಡಗನ್ನು ಮೇಲೆತ್ತುವ ನೀರಿನ ತೊಟ್ಟಿಗಳನ್ನು, ಹತ್ತಿ ಗಟೂನ್ ಸರೋವರಕ್ಕೆ ಹೋಗಿ ತಿರುಗಿ ಅದೇ ದಾರಿಯಲ್ಲಿ ಇಳಿದು ಕೊಲೋನ್‌ನಲ್ಲಿ ನಿಲ್ಲುವುದು. ಪನಾಮಾ ಕಾಲುವೆ ಕ್ರೂಸ್ ಅಂತ ಎರಡಕ್ಕೂ ಜಾಹೀರಾತು ಒಂದೇ, ಸಣ್ಣ ಅಕ್ಷರ ಓದಿ.

ಕಾಲುವೆ ಅಂದರೆ ಎರಡು ಸಮುದ್ರ ಸೇರಿಸಿದ ಅಗಳು ಅಂತ ಅಪ್ಪ ಅಂದುಕೊಂಡಿದ್ದರು, ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ನಿಜದಲ್ಲಿ ಅದು ನೀರಿನ ಮೆಟ್ಟಿಲು. ಚಾಗ್ರೆಸ್ ನದಿಗೆ ಅಣೆಕಟ್ಟು ಹಾಕಿ ಸಮುದ್ರಕ್ಕಿಂತ 26 ಮೀಟರ್ ಮೇಲೆ ಒಂದು ಸರೋವರ ಮಾಡಿದ್ದಾರೆ. ಹಡಗು ಒಂದು ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತಾರೆ, ಮೇಲಿನ ಸರೋವರದ ನೀರು ತಾನಾಗಿ ಹರಿದು ತೊಟ್ಟಿ ತುಂಬುತ್ತದೆ, ಹಡಗು ಏಳುತ್ತದೆ. ಪಂಪು ಇಲ್ಲ. ಹೀಗೆ ಮೂರು ಮೆಟ್ಟಿಲು ಹತ್ತಿ, ಸರೋವರ ದಾಟಿ, ಬೆಟ್ಟ ಸೀಳಿದ ಕಣಿವೆಯಲ್ಲಿ ಸಾಗಿ, ಆಚೆ ಮೂರು ಮೆಟ್ಟಿಲು ಇಳಿಯುತ್ತದೆ. 1914ರ ಆಗಸ್ಟ್ 15ರಂದು ತೆರೆದ ಹಳೇ ತೊಟ್ಟಿಗಳ ಅಗಲ 33.5 ಮೀಟರ್. ಅದರೊಳಗೆ ಹೋಗುವ ಅತಿ ದೊಡ್ಡ ಹಡಗಿನ ಅಗಲ 32.3. ಅಂದರೆ ಪಕ್ಕಕ್ಕೆ ಎರಡೆರಡು ಅಡಿ. ಕೆಳಗಿನ ಅಂತಸ್ತಿನ ಬಾಲ್ಕನಿಯಿಂದ ಕೈ ಚಾಚಿದರೆ ಪಾಚಿಗಟ್ಟಿದ ಕಾಂಕ್ರೀಟ್ ಗೋಡೆ ಸಿಗುತ್ತದೇನೋ ಅನ್ನಿಸುತ್ತದೆ.

ದಡದ ಹಳಿಗಳ ಮೇಲೆ ಓಡುವ ಸಣ್ಣ ಎಂಜಿನುಗಳಿಗೆ ಹೇಸರಗತ್ತೆ ಅಂತಲೇ ಹೆಸರು. ಅವು ಹಡಗನ್ನು ಎಳೆಯುವುದಿಲ್ಲ, ಹಡಗು ತನ್ನದೇ ಬಲದಲ್ಲಿ ಹೋಗುತ್ತದೆ. ಗೋಡೆಗೆ ಉಜ್ಜದ ಹಾಗೆ ಎರಡೂ ಕಡೆಯಿಂದ ತಂತಿ ಬಿಗಿ ಹಿಡಿದು ನಡುವೆ ಇಡುವುದು ಅವುಗಳ ಕೆಲಸ. ಆದರೆ ಆ ತಂತಿಯ ಮೊದಲ ಹಗ್ಗವನ್ನು ಹಡಗಿಗೆ ಮುಟ್ಟಿಸಲು ಇಬ್ಬರು ಒಂದು ಹುಟ್ಟುದೋಣಿಯಲ್ಲಿ ಬರುತ್ತಾರೆ. ಇಷ್ಟೆಲ್ಲ ಯಂತ್ರದ ನಡುವೆ, ಹತ್ತು ಹನ್ನೆರಡು ಅಂತಸ್ತಿನ ಹಡಗಿನ ಮೂಗಿನ ಕೆಳಗೆ, ಹುಟ್ಟು ಹಾಕುವ ಇಬ್ಬರು. ಅಮ್ಮನಿಗೆ ಇಡೀ ಕಾಲುವೆಯಲ್ಲಿ ಹಿಡಿಸಿದ್ದು ಆ ದೋಣಿ. ಇಲ್ಲಿ ಕ್ಯಾಪ್ಟನ್ ಮಾತೂ ನಡೆಯುವುದಿಲ್ಲ. ಬೇರೆ ಬಂದರುಗಳಲ್ಲಿ ಪೈಲಟ್ ಸಲಹೆ ಕೊಡುತ್ತಾನೆ, ಪನಾಮಾ ಕಾಲುವೆಯಲ್ಲಿ ಹಡಗು ನಡೆಸುವ ಅಧಿಕಾರವೇ ಕಾಲುವೆಯ ಪೈಲಟ್ ಕೈಗೆ ಹೋಗುತ್ತದೆ.

2016ರಲ್ಲಿ 55 ಮೀಟರ್ ಅಗಲದ ಹೊಸ ತೊಟ್ಟಿಗಳು ಬಂದವು. ಆದರೂ ಅತಿ ದೊಡ್ಡ ಕ್ರೂಸ್ ಹಡಗುಗಳು ಪೂರ್ತಿ ದಾಟಲಾರವು. ಪೆಸಿಫಿಕ್ ತುದಿಯ ಸೇತುವೆಗೆ ತಲೆ ತಾಗುತ್ತದೆ. ಹಳೇ ತೊಟ್ಟಿಗಳಲ್ಲಿ ಒಂದು ಹಡಗು ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ಅದು ಮಳೆಯ ನೀರು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ದಾಟುವ ಹಡಗುಗಳ ಸಂಖ್ಯೆಯನ್ನೇ ಇಳಿಸಬೇಕಾಯಿತು.

ಅರ್ಧ ದಾಟುವ ಹಡಗಿನವರು ಇಳಿಯುವ ಕೊಲೋನ್ ಬಡತನ ಕಾಡಿದ ಊರು, ಸುಮ್ಮನೆ ಬೀದಿ ಸುತ್ತುವ ಜಾಗವಲ್ಲ. ಅಲ್ಲಿನ ಫ್ರೀ ಜೋನ್, ಅಂದರೆ ಸುಂಕವಿಲ್ಲದ ವಲಯದ, ವ್ಯಾಪಾರದಲ್ಲಿ ಸಿಂಧಿಗಳು ತಲೆಮಾರುಗಳಿಂದ ಇದ್ದಾರೆ. ಪೆಸಿಫಿಕ್ ಕಡೆಯ ಅಮದೋರ್‌ನಲ್ಲಿ ಇಳಿದರೆ ಪನಾಮಾ ನಗರದ ಹಳೇ ಪೇಟೆ ಹತ್ತಿರ. ಆ ಕಡೆ ಭರತ ಇಳಿತದ ವ್ಯತ್ಯಾಸ ಐದಾರು ಮೀಟರ್ ಮುಟ್ಟುತ್ತದೆ, ಕೆರಿಬಿಯನ್ ಕಡೆ ಒಂದು ಮೊಳವೂ ಇಲ್ಲ. ಬೆಳಿಗ್ಗೆ ಇಳಿದ ಏಣಿ ಸಂಜೆ ಬೇರೆ ಅಂತಸ್ತಿನಲ್ಲಿದ್ದರೆ ಗಾಬರಿ ಬೇಡ.

ಕಾಗದ, ಕಾಸು, ಊಟ

ಭಾರತದ ಪಾಸ್‌ಪೋರ್ಟಿನವರಿಗೆ ಮೊದಲ ಮಾತು: ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಬಂದರೂ ನೀವು ದೇಶ ಬಿಟ್ಟು ಮತ್ತೆ ಒಳಗೆ ಬರುತ್ತಿದ್ದೀರಿ. ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಪ್ರತಿ ಬಂದರಿನ ದೇಶಕ್ಕೂ ವೀಸಾ ನಿಯಮ ಬೇರೆ ಬೇರೆ, ಬುಕ್ ಮಾಡುವ ಮುಂಚೆ ಒಂದೊಂದನ್ನೇ ನೋಡಿಕೊಳ್ಳಬೇಕು. ಜೊತೆಯ ಅಮೆರಿಕನ್ನರಿಗೆ ಏನೂ ಬೇಡ ಅನ್ನುವುದು ನಿಮಗೆ ಲೆಕ್ಕಕ್ಕಿಲ್ಲ.

ಎರಡನೆಯದು ಯಾರೂ ಹೇಳದ ಮಾತು. ಪನಾಮಾ ಮತ್ತು ಕೊಲಂಬಿಯಾ ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದರೆ ಲಸಿಕೆಯ ಹಳದಿ ಪುಸ್ತಕ ತೋರಿಸಬೇಕು, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆ ಅದು ಊರ್ಜಿತ. ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮುಂಚೆ ವೈದ್ಯರು ಯೋಚಿಸುತ್ತಾರೆ. ಅಪ್ಪ ಅಮ್ಮನಿಗೆ ಹಾಕಿಸುವ ಬದಲು, ಹಡಗು ಇಳಿದ ಮೇಲೆ ಅವರನ್ನು ಮೂರು ವಾರ ನಮ್ಮ ಮನೆಯಲ್ಲೇ ಉಳಿಸಿಕೊಂಡೆವು. ಅಮ್ಮನಿಗೆ ಅದರ ಬಗ್ಗೆ ದೂರಿರಲಿಲ್ಲ.

ಕಾಸಿನ ವಿಷಯ ಸುಲಭ. ಪನಾಮಾ, ಎಲ್ ಸಾಲ್ವಡಾರ್‌ನಲ್ಲಿ ನಡೆಯುವುದೇ ಅಮೆರಿಕನ್ ಡಾಲರ್. ಮಿಕ್ಕ ಕಡೆ ಬಂದರಿನ ಸುತ್ತಮುತ್ತ ತೆಗೆದುಕೊಳ್ಳುತ್ತಾರೆ. ಒಂದು, ಐದರ ನೋಟು ಇಟ್ಟುಕೊಳ್ಳಿ. ಅಂಚು ಹರಿದ ನೋಟನ್ನು ಮುಟ್ಟುವುದಿಲ್ಲ. ಟ್ಯಾಕ್ಸಿ ದರ ಗಾಡಿಗೋ ತಲೆಗೋ, ಹೋಗುವುದಕ್ಕೋ ಬರುವುದಕ್ಕೂ ಸೇರಿಯೋ ಅಂತ ಹತ್ತುವ ಮುಂಚೆ ಕೇಳಿ.

ಸಸ್ಯಾಹಾರಿಗಳಿಗೆ ಅನ್ನ, ಕಾಳು, ಕರಿದ ಬಾಳೆಕಾಯಿ, ಜೋಳದ ತೊರ್ತಿಯಾ ಎಲ್ಲೆಡೆ ಸಿಗುತ್ತದೆ. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ ಕಲಿತು ಹೋಗಿದ್ದೆ. ಅಮ್ಮನ ತಟ್ಟೆಯಲ್ಲಿ ಕೋಳಿ ಬಂತು. ಅವರ ಲೆಕ್ಕದಲ್ಲಿ ಕೋಳಿ ಮೀನು ಕಾರ್ನೆ ಅಲ್ಲ. 'ಸಿನ್ ಪೊಯ್ಯೊ, ಸಿನ್ ಪೆಸ್ಕಾಡೊ' ಅಂತಲೂ ಸೇರಿಸಿ. ಕಾಳನ್ನು ಹಂದಿಕೊಬ್ಬಿನಲ್ಲಿ ಹುರಿಯುವ ರೂಢಿಯೂ ಇದೆ, 'ಮಾಂತೆಕಾ' ಹಾಕಿದ್ದೀರಾ ಅಂತ ಕೇಳಬೇಕು. ಹಡಗಿಗೆ ಹಣ್ಣು ತರಬೇಡಿ, ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿ ಹೊರಟ ಮೇಲೂ ಬಂದರೇ ತಪ್ಪಬಹುದು. ಗಾಳಿ ಎದ್ದರೆ ಟೆಂಡರ್ ಬಂದರುಗಳು ಮೊದಲು ಹೋಗುತ್ತವೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಚಳಿಗಾಲದಲ್ಲಿ ಉತ್ತರದ ಗಾಳಿ. ಸಾನ್ ಹ್ವಾನ್ ದೆಲ್ ಸುರ್ ಎದುರು ಬೆಳಿಗ್ಗೆ ಏಳಕ್ಕೆ ಹಡಗು ನಿಂತಿತು. ಬೆಟ್ಟದ ಮೇಲಿನ ಯೇಸುವಿನ ಪ್ರತಿಮೆ ಕಾಣುತ್ತಿತ್ತು. ಎಂಟಕ್ಕೆ ಕ್ಯಾಪ್ಟನ್ ಧ್ವನಿ ಬಂತು: ಅಲೆ ಜಾಸ್ತಿ, ಯಾರನ್ನೂ ಇಳಿಸುವುದಿಲ್ಲ. ಒಂಬತ್ತಕ್ಕೆ ಊರು ಹಿಂದೆ ಸರಿಯಿತು. ಇಳಿಯದ ಬಂದರಿನ ಶುಲ್ಕ ಅಂತ ತಲೆಗೆ ಕೆಲವು ಡಾಲರ್ ನಮ್ಮ ಖಾತೆಗೆ ವಾಪಸ್ ಬಂತು. ಬಾಲ್ಕನಿಯಲ್ಲಿ ಕೂತಿದ್ದ ಅಪ್ಪ ಎಚ್‌ಎಂಟಿ ಬಿಚ್ಚಿ ಮೇಜಿನ ಮೇಲಿಟ್ಟು, ಇವತ್ತು ಇದು ಬೇಡ ಅಂದರು.